ಗ್ರೀಕ್ ಕ್ರಿಯಾಪದಗಳನ್ನು ಇಂಗ್ಲಿಷ್ ಮೂಲಕ ಕಲಿಯೋದಾ, ಕನ್ನಡದ ಮೂಲಕವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಗ್ರೀಕ್ ಬಲ್ಲವರು ಯಾರಾದರೂ ಇಲ್ಲಿದ್ದರೆ ಸ್ವಲ್ಪ ದಾರಿ ತೋರಿಸಿ.

ನಾವು ಈಗ ಸೈಪ್ರಸ್‌ನ ಲಿಮಸೋಲ್‌ನಲ್ಲಿದ್ದೇವೆ. ಮನೆಯವರಿಗೆ ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸ, ಅವರಿಗೆ ಇಂಗ್ಲಿಷ್ ಸಾಕು. ಅಂಗಡಿಯಲ್ಲಿ, ಬಸ್ಸಿನಲ್ಲಿ ನನಗೂ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಆದರೆ ಪಕ್ಕದ ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರಿದ್ದಾರೆ. ಅವರ ಮೊಮ್ಮಕ್ಕಳು ಲಂಡನ್‌ನಲ್ಲಿ ಹುಟ್ಟಿ ಬೆಳೆದವರು, ಗ್ರೀಕ್ ಅಷ್ಟಕ್ಕಷ್ಟೇ. ಅವರ ಜೊತೆ ಫೋನಿನಲ್ಲಿ ಮಾತಾಡೋಕೆ ಈ ಅಮ್ಮನಿಗೆ ಇಂಗ್ಲಿಷ್ ಬೇಕು, ನನಗೆ ಗ್ರೀಕ್ ಬೇಕು. ಹಾಗಾಗಿ ಸಂಜೆ ಅವರ ಅಡುಗೆಮನೆಯಲ್ಲಿ ಕೂತು ಅವರು ನನಗೆ, ನಾನು ಅವರಿಗೆ ಹೇಳಿಕೊಡುತ್ತೇವೆ. ಇಬ್ಬರೂ ಟೀಚರ್ ಅಲ್ಲ, ಅದೇ ತೊಂದರೆ.

ನನ್ನ ಪುಸ್ತಕ ಇಂಗ್ಲಿಷ್‌ನಲ್ಲಿದೆ. ಪ್ರತಿ ಕ್ರಿಯಾಪದಕ್ಕೂ ಒಂದು ಕೋಷ್ಟಕ. 'ಐ ಡೂ' ಎದುರಿಗೂ 'ಕಾನೊ', 'ಐ ಆ್ಯಮ್ ಡೂಯಿಂಗ್' ಎದುರಿಗೂ 'ಕಾನೊ'. ಹಾಗಾದರೆ ಯಾವಾಗ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಮೇಲಿಂದ ಕಾನೊ ಒಂದು ಥರ ಬದಲಾಗುತ್ತದೆ, ಮಿಲಾಒ ಇನ್ನೊಂದು ಥರ, ಬೊರೋ ಮತ್ತೊಂದು ಥರ. ಒಂದೊಂದಕ್ಕೆ ಆರಾರು ರೂಪ ಬಾಯಿಪಾಠ ಮಾಡುತ್ತಾ ಹೋದರೆ ನನಗೆ ಮಾತು ಬರುವಷ್ಟರಲ್ಲಿ ಇವರಿಗೆ ವರ್ಗ ಆಗಿರುತ್ತದೆ. ಇನ್ನೊಂದು ವಿಷಯ, ಪುಸ್ತಕದ ಆಡಿಯೊದಲ್ಲಿ 'ಏಖಿ' ಅಂತ ಕೇಳುತ್ತದೆ, ಅಮ್ಮ 'ಏಶಿ' ಅನ್ನುತ್ತಾರೆ. ಯಾವುದು ಸರಿ?

ಅವರ ಕಡೆಯದೂ ಇದೆ. 'ಯು ವಾಂಟ್ ಕಾಫಿ?', 'ಈಸ್ ರೈನಿಂಗ್', 'ಐ ಲಿವ್ ಹಿಯರ್ ಫಾರ್ಟಿ ಇಯರ್ಸ್' ಅನ್ನುತ್ತಾರೆ. ತಪ್ಪು ಅಂತ ಗೊತ್ತು, ಯಾಕೆ ತಪ್ಪು ಅಂತ ಹೇಳಲು ಬರುತ್ತಿಲ್ಲ. ಅದರಲ್ಲೂ ಆ 'ಡೂ' ಯಾಕೆ ಬೇಕು ಅಂತ ಕೇಳಿದರೆ ಏನು ಹೇಳೋದು?

ಅರಳೀಕಟ್ಟೆ

ಮೇಡಂ, ಮೊದಲು ಒಂದು ಮಾತು. ಕೋಷ್ಟಕದ ಇಂಗ್ಲಿಷ್ ಬದಿಯನ್ನು ಒಂದು ಕಾಗದದಿಂದ ಮುಚ್ಚಿ. ಆ ಜಾಗದಲ್ಲಿ ಪೆನ್ಸಿಲ್‌ನಿಂದ ಕನ್ನಡ ಬರೆದುಕೊಳ್ಳಿ. ಭಾಷಾಭಿಮಾನಕ್ಕೆ ಹೇಳುತ್ತಿಲ್ಲ, ಸುಮ್ನೆ ಕೆಲಸ ಕಡಿಮೆ ಆಗುತ್ತದೆ ಅಂತ.

ಇಂಗ್ಲಿಷ್ ಕ್ರಿಯಾಪದಕ್ಕೆ ವರ್ತಮಾನದಲ್ಲಿ ಬಾಲ ಅಂತ ಇರೋದು ಒಂದೇ, ಹೀ-ಶೀ-ಇಟ್ ಬಂದಾಗ ಅಂಟುವ 'ಸ್'. ಉಳಿದ ಕಡೆ ಯಾರು ಮಾಡುತ್ತಿದ್ದಾರೆ ಅಂತ ಹೇಳೋಕೆ ಐ, ಯು, ವಿ, ದೇ ಬೇಕೇ ಬೇಕು. ಕನ್ನಡ ಹಾಗಲ್ಲ. 'ಮಾಡುತ್ತೇನೆ' ಅಂದರೆ ನಾನು, 'ಮಾಡುತ್ತೇವೆ' ಅಂದರೆ ನಾವು, 'ಮಾಡುತ್ತೀರಿ' ಅಂದರೆ ನೀವು. ನಾನು-ನೀನು ಹೇಳದಿದ್ದರೂ ನಡೆಯುತ್ತದೆ. ಗ್ರೀಕ್ ಕೂಡ ಇದೇ ಜಾತಿ. ಕಾನೊ, ಕಾನಿಸ್, ಕಾನಿ, ಕಾನುಮೆ, ಕಾನೆತೆ, ಕಾನುನ್: ನಾನು, ನೀನು, ಅವನು/ಅವಳು/ಅದು, ನಾವು, ನೀವು, ಅವರು. ಸರ್ವನಾಮ ಸೇರಿಸಿದರೆ 'ನಾನೇ ಮಾಡುತ್ತೇನೆ' ಅನ್ನೋ ಥರ ಒತ್ತಿ ಹೇಳಿದಂತೆ. (ನಾನು ಇಲ್ಲಿ ಒತ್ತು ಬೀಳುವ ಕಡೆ ದೀರ್ಘ ಬರೆಯುತ್ತಿದ್ದೇನೆ. ನಿಜವಾಗಿ ಗ್ರೀಕ್‌ನಲ್ಲಿ ನಮ್ಮ ಹಾಗೆ ಹ್ರಸ್ವ-ದೀರ್ಘ ಇಲ್ಲ.)

ನೀವು ಹೇಳಿದ ಮೂರು ಗುಂಪುಗಳನ್ನು ಈಗ ಪಕ್ಕಪಕ್ಕ ಇಟ್ಟು ನೋಡಿ. ಮಾತಾಡು ಅನ್ನೋದಕ್ಕೆ ಮಿಲಾಒ, ಮಿಲಾಸ್, ಮಿಲಾಇ, ಮಿಲಾಮೆ, ಮಿಲಾತೆ, ಮಿಲಾನೆ. ಆಗುತ್ತದೆ-ಸಾಧ್ಯ ಅನ್ನೋದಕ್ಕೆ ಬೊರೋ, ಬೊರೀಸ್, ಬೊರೀ, ಬೊರೂಮೆ, ಬೊರೀತೆ, ಬೊರೂನ್. ನಡುವಿನ ಸ್ವರ ಮಾತ್ರ ಬೇರೆ, ತುದಿ ಒಂದೇ. 'ಸ್' ಇದ್ದರೆ ನೀನು. 'ಮೆ' ಇದ್ದರೆ ನಾವು. 'ತೆ' ಇದ್ದರೆ ನೀವು. ಕೊನೆಗೆ 'ನ' ಕೇಳಿದರೆ ಅವರು. 'ಒ' ಸದ್ದಿನಲ್ಲಿ ನಿಂತರೆ ನಾನು, ಬರೀ ಬೇರೆ ಸ್ವರದಲ್ಲಿ ನಿಂತರೆ ಅವನು, ಅವಳು ಅಥವಾ ಅದು. ಹದಿನೆಂಟು ರೂಪ ಅಂತ ಹೆದರಬೇಡಿ, ನೆನಪಿಡಬೇಕಾದದ್ದು ಐದಾರು ತುದಿ, ಮೂರು ಥರದ ಸ್ವರ, ಅಷ್ಟೇ. ನಾಲ್ಕನೆಯ ಗುಂಪೊಂದಿದೆ, ಅದು ಆಮೇಲೆ.

ಒಂದು ತಮಾಷೆ ನೋಡಿ. ಇಂಗ್ಲಿಷ್‌ನಲ್ಲಿ ತುದಿಗೆ ಸ್ ಬಂದರೆ ಅವನು-ಅವಳು, ಗ್ರೀಕ್‌ನಲ್ಲಿ ತುದಿಗೆ ಸ್ ಬಂದರೆ ನೀನು. ನೀವಿಬ್ಬರೂ ಅಡುಗೆಮನೆಯಲ್ಲಿ ಕೂತು ಇದನ್ನು ಅದಲು ಬದಲು ಮಾಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಇನ್ನು ಆ ಅಮ್ಮನ ಹತ್ತಿರ ಮಾತಾಡುವಾಗ 'ಥೇಲಿಸ್' ಬೇಡ, 'ಥೇಲೆತೆ' ಅನ್ನಿ. ನಮ್ಮ ನೀನು-ನೀವು ಹಾಗೇನೇ. ಅವರೇ ಏಕವಚನದಲ್ಲಿ ಕರಿ ಅಂದರೆ ಆಗ ಇಳಿಯಿರಿ.

'ಕಾನೊ' ಯಾವಾಗ 'ಡೂ', ಯಾವಾಗ 'ಡೂಯಿಂಗ್' ಅಂತ ಕೇಳಿದ್ದೀರಿ. ಗ್ರೀಕ್‌ನಲ್ಲಿ ಆ ಎರಡಕ್ಕೆ ಬೇರೆ ಬೇರೆ ರೂಪವೇ ಇಲ್ಲ. ಮಾಡುತ್ತೇನೆ, ಮಾಡುತ್ತಾ ಇದ್ದೇನೆ ಎರಡಕ್ಕೂ ಅದೇ. 'ತಿ ಕಾನಿಸ್?' ಅಂದರೆ ಏನು ಮಾಡುತ್ತಿದ್ದೀಯ ಅಂತಲೂ ಆಯಿತು, ಹೇಗಿದ್ದೀಯ ಅಂತಲೂ ಆಯಿತು. ಕೈಯಲ್ಲಿ ಪಾತ್ರೆ ಹಿಡಿದವರನ್ನು ಕೇಳಿದರೆ ಮೊದಲನೆಯದು, ಗೇಟಿನಲ್ಲಿ ಸಿಕ್ಕವರನ್ನು ಕೇಳಿದರೆ ಎರಡನೆಯದು. ಆದರೆ ಇಲ್ಲಿ ಕನ್ನಡದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ನಾವು 'ನಾಳೆ ಮಾಡುತ್ತೇನೆ' ಅಂತಲೂ ಅದೇ ರೂಪ ಬಳಸುತ್ತೇವಲ್ಲ, ಗ್ರೀಕ್‌ನಲ್ಲಿ ಅದಕ್ಕೆ ಮುಂದೆ 'ಥ' ಸೇರಿಸಬೇಕು: 'ಥ ಕಾನೊ'. ಹೊರಡೋದು ಪಕ್ಕಾ ಆಗಿದ್ದರೆ 'ಆವ್ರಿಯೊ ಫೇವ್ಗೊ', ನಾಳೆ ಹೊರಡುತ್ತೇನೆ ಅಂತ ವರ್ತಮಾನದಲ್ಲೂ ಹೇಳುತ್ತಾರೆ. ಆದರೆ ಎಲ್ಲಾ ಕಡೆ ಅದು ನಡೆಯಲ್ಲ.

ಕನ್ನಡ ಕೈ ಕೊಡುವ ಜಾಗ ಇನ್ನೂ ಇವೆ. ಅವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಮಾತು ನಂಬಿ ಆಮೇಲೆ ಬೈಯುತ್ತೀರಿ.

'ಇಲ್ಲ' ಬಂದ ಕೂಡಲೇ ನಮ್ಮ ಕ್ರಿಯಾಪದ ಯಾರು ಅನ್ನೋದನ್ನು ಕಳೆದುಕೊಳ್ಳುತ್ತದೆ. ನಾನು ಮಾಡುವುದಿಲ್ಲ, ನೀನು ಮಾಡುವುದಿಲ್ಲ, ಅವರು ಮಾಡುವುದಿಲ್ಲ. ಬಾಲವೇ ಇಲ್ಲ, ಎಲ್ಲಾ ಒಂದೇ. ಗ್ರೀಕ್ ಹಾಗೆ ಬಿಡುವುದಿಲ್ಲ. ದೆನ್ ಕಾನೊ, ದೆನ್ ಕಾನಿಸ್, ದೆನ್ ಕಾನಿ. ಮುಂದೆ ಒಂದು 'ದೆನ್' ಕೂತಿತು, ಬಾಲ ಹಾಗೇ ಇದೆ. ಕನ್ನಡದಿಂದ ಬಂದವರಿಗೆ ಇಲ್ಲ ಅನ್ನುವಾಗ ಬಾಲ ಮರೆಯುವುದು ಸಹಜ. ಹಾಗಾಗಿ ಅಭ್ಯಾಸ ಮಾಡುವಾಗ 'ಹೌದು' ವಾಕ್ಯಕ್ಕಿಂತ 'ಇಲ್ಲ' ವಾಕ್ಯವನ್ನೇ ಜಾಸ್ತಿ ಮಾಡಿ.

ಇನ್ನೊಂದು, ನಮ್ಮ 'ಗೆ'. ನನಗೆ ಬೇಕು, ನನಗೆ ಗೊತ್ತು, ನನಗೆ ಹಸಿವಾಗಿದೆ. ಇದರಲ್ಲೆಲ್ಲ ನಾವು 'ನಾನು' ಅನ್ನುವುದೇ ಇಲ್ಲ. ಗ್ರೀಕ್‌ನಲ್ಲಿ ಇವೆಲ್ಲ 'ನಾನು' ಕ್ರಿಯಾಪದಗಳು: ಥೇಲೊ, ಕ್ಸೇರೊ, ಪಿನಾಒ. ಹಸಿವಿಗೆ ಇಂಗ್ಲಿಷ್ 'ಆ್ಯಮ್' ಹಾಕಿ ಗುಣವಾಚಕ ಇಡುತ್ತದೆ, ಕನ್ನಡ 'ಗೆ' ಹಾಕುತ್ತದೆ, ಗ್ರೀಕ್ ನೇರವಾಗಿ 'ಹಸಿಯುತ್ತೇನೆ' ಅನ್ನುತ್ತದೆ. ಆದರೆ ಇಷ್ಟ ಅನ್ನೋದರಲ್ಲಿ ಗ್ರೀಕ್ ನಮ್ಮ ಪಕ್ಕದಲ್ಲೇ ಕೂರುತ್ತದೆ. 'ಮು ಅರೇಸಿ ಒ ಕಫೇಸ್', ನನಗೆ ಕಾಫಿ ಇಷ್ಟ. ಇಲ್ಲಿ ಕ್ರಿಯಾಪದ ಕಾಫಿಯ ಹಿಂದೆ ಹೋಗುತ್ತದೆ, ನಮ್ಮ ಹಿಂದೆ ಅಲ್ಲ. ಕಾಫಿ ಜಾಗದಲ್ಲಿ ಆಲಿವ್‌ಗಳು ಬಂದರೆ 'ಮು ಅರೇಸುನ್ ಇ ಎಲ್ಯೇಸ್'. ಬಹುವಚನ ನೋಡಿ. ಇಂಗ್ಲಿಷ್ ಹಿಡಿದುಕೊಂಡು 'ಐ ಲೈಕ್' ಅಂತ ಹೊರಟವರಿಗೆ ಇದು ತಲೆನೋವು, ನಮಗೆ ಅಷ್ಟೇನಿಲ್ಲ.

ಒತ್ತಿನ ಬಗ್ಗೆ ಒಂದೇ ಉದಾಹರಣೆ. 'ಪೀನೊ' ಅಂದರೆ ಕುಡಿಯುತ್ತೇನೆ. ಒತ್ತನ್ನು ಕೊನೆಗೆ ತಳ್ಳಿ 'ಪಿನೋ' ಅಂದರೆ ಹಸಿವಾಗಿದೆ. ಮಾತಿನಲ್ಲಿ ಹಸಿವಿಗೆ 'ಪಿನಾಒ' ಅನ್ನೋದೇ ಜಾಸ್ತಿ, ಅದನ್ನೇ ಕಲಿಯಿರಿ. ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಅರ್ಥ ಕೆಡುವುದಿಲ್ಲವಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ಬರಹದಲ್ಲಿ ಒತ್ತಿನ ಗೆರೆ ಹಾಕಿರುತ್ತಾರೆ, ಅದನ್ನು ಅಲಂಕಾರ ಅಂದುಕೊಳ್ಳಬೇಡಿ.

ಬಂದರು ಕಿಟ್ಟ

ಅಕ್ಕ, ಅರಳೀಕಟ್ಟೆಯವರು ಹೇಳಿದ್ದು ಎಲ್ಲ ಸರಿ, ಆದರೆ ನೀವಿರುವುದು ಲಿಮಸೋಲ್, ಅಥೆನ್ಸ್ ಅಲ್ಲ ಮಾರಾಯ್ರೆ! ನಾನು ಹಡಗಿನ ಕೆಲಸದಲ್ಲಿ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲೂ ಲಿಮಸೋಲ್‌ನಲ್ಲೂ ಇದ್ದವನು, ಎರಡೂ ಕಡೆಯ ಮಾತು ಕೇಳಿದ್ದೇನೆ.

ಏಖಿ-ಏಶಿ ಎರಡೂ ಸರಿ. ಸೈಪ್ರಸ್‌ನಲ್ಲಿ ಇ, ಎ ಸ್ವರದ ಮುಂದೆ ಆ 'ಖ' ಸದ್ದು 'ಶ' ಆಗುತ್ತದೆ. ಹಾಗೇ 'ಕ' ಹೋಗಿ 'ಚ' ಬರುತ್ತದೆ. ಪುಸ್ತಕದಲ್ಲಿ 'ಮತ್ತು' ಅನ್ನೋದಕ್ಕೆ 'ಕೆ' ಅಂತ ಇದ್ದರೆ ನಿಮ್ಮ ಅಮ್ಮ 'ಚೆ' ಅನ್ನುತ್ತಾರೆ, ಹೌದಾ ಅಲ್ವಾ ನೋಡಿ. 'ಏಖೊ'ದಲ್ಲಿ ಮಾತ್ರ ಖ ಹಾಗೇ ಉಳಿಯುತ್ತದೆ, ಮುಂದಿನ ಸ್ವರ ಒ ಅಲ್ವಾ. ಮಾಡುತ್ತೇನೆ ಅನ್ನೋದಕ್ಕೂ ಅಲ್ಲಿ 'ಕಾಮ್ನೊ' ಅನ್ನುತ್ತಾರೆ. 'ತಿ ಕಾನಿಸ್' ಬದಲು 'ಇಂದಾ ಪು ಕಾಮ್ನಿಸ್' ಅಂತ ಕೇಳಿದರೆ ಗಾಬರಿ ಬೇಡ. ಬಾಲಗಳು ಹೆಚ್ಚು ಕಡಿಮೆ ಅವೇ. 'ಅವರು' ರೂಪಕ್ಕೆ ಮಾತ್ರ 'ಉನ್' ಜೊತೆಗೆ 'ಉಸಿನ್' ಅಂತಲೂ ಕೇಳುತ್ತೀರಿ.

ಟಿವಿಯ ವಾರ್ತೆ, ಶಾಲೆ, ಆಫೀಸಿನ ಕಾಗದ ಎಲ್ಲ ಅಥೆನ್ಸ್ ಥರದ್ದೇ. ಅದಕ್ಕೆ ಕಲಿಯುವುದು ಪುಸ್ತಕದ್ದು ಕಲಿಯಿರಿ, ಕೇಳುವಾಗ ಎರಡಕ್ಕೂ ಕಿವಿ ಕೊಡಿ. ಬೆಂಗಳೂರು ಪುಸ್ತಕದ ಕನ್ನಡ ಕಲಿತವರು ಕುಂದಾಪುರಕ್ಕೆ ಬಂದ ಹಾಗೆ ಇದು, ಒಂದು ವಾರ ಎಂತದೂ ಅರ್ಥ ಆಗುವುದಿಲ್ಲ, ಆಮೇಲೆ ಸರಿಯಾಗುತ್ತದೆ.

ಮತ್ತೆ ನನ್ನ ಕೇಳಿದರೆ ಆರೂ ರೂಪ ಒಟ್ಟಿಗೆ ಕಲಿಯಲೇಬೇಡಿ. ಪೇಟೆಗೆ ಹೋಗಿ ಬರಲು ಬೇಕಾದದ್ದು ಅವನು-ಅದು ರೂಪ. 'ಪೋಸೊ ಕಾನಿ?' ಅಂದರೆ ಎಷ್ಟಾಯಿತು, ಎಷ್ಟು ರೇಟು. 'ಏಖಿ ಪ್ಸೊಮೀ?' ಅಂದರೆ ಬ್ರೆಡ್ ಇದೆಯಾ. 'ಕಾನಿ ಝೇಸ್ತಿ' ಅಂದರೆ ಸೆಕೆ, ಜುಲೈ-ಆಗಸ್ಟ್‌ನಲ್ಲಿ ಲಿಮಸೋಲ್‌ನಲ್ಲಿ ಇದೊಂದನ್ನೇ ದಿನವಿಡೀ ಹೇಳಬಹುದು. ಪ್ರಶ್ನೆಗೆ ನಮ್ಮ ಹಾಗೆ ಕೊನೆಗೆ 'ಆ' ಸೇರಿಸುವ ಕೆಲಸವೂ ಇಲ್ಲ, ಇಂಗ್ಲಿಷ್‌ನ ಹಾಗೆ ಹಿಂದೆ ಮುಂದೆ ಮಾಡುವುದೂ ಇಲ್ಲ. ದನಿ ಎತ್ತಿದರೆ ಆಯಿತು.

ಕೆಂಪುಶಾಯಿ

ಎಲ್ಲರೂ ಇಂಗ್ಲಿಷ್ ಮುಚ್ಚಿಡಿ ಅನ್ನೋದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಗ್ರೀಕ್ ಹವ್ಯಾಸಕ್ಕೆ ಕಲಿತವಳು.

'ಇರು' ವಿಷಯ ನೋಡಿ. 'ಅವಳು ಡಾಕ್ಟರ್', ಕನ್ನಡದಲ್ಲಿ ಇಷ್ಟೇ, ಕ್ರಿಯಾಪದವೇ ಬೇಡ. ಗ್ರೀಕ್‌ನಲ್ಲಿ 'ಈನೆ ಯತ್ರೋಸ್'. 'ಈನೆ' ಬಿಡುವ ಹಾಗಿಲ್ಲ. ಇಂಗ್ಲಿಷ್‌ನಲ್ಲಿ 'ಈಸ್' ಬಿಡುವ ಹಾಗಿಲ್ಲವಲ್ಲ, ಅದೇ ಥರ. 'ನನಗೆ ಇಬ್ಬರು ಮಕ್ಕಳಿದ್ದಾರೆ' ಅನ್ನೋದು ಗ್ರೀಕ್‌ನಲ್ಲಿ 'ಏಖೊ ದಿಯೊ ಪೆದ್ಯಾ', ಥೇಟ್ 'ಐ ಹ್ಯಾವ್'. ಇಲ್ಲೆಲ್ಲ ಕನ್ನಡ ಹಿಡಿದುಕೊಂಡರೆ ದಾರಿ ತಪ್ಪುತ್ತದೆ. ಹಾಗಾಗಿ ಬಾಲಕ್ಕೆ ಕನ್ನಡ ನೋಡಿ, ಈಮೆ ಮತ್ತು ಏಖೊ ಇವೆರಡಕ್ಕೆ ಇಂಗ್ಲಿಷ್ ನೋಡಿ ಅಂತ ನನ್ನ ಸಲಹೆ. ಈಮೆ, ಈಸೆ, ಈನೆ, ಈಮಸ್ತೆ, ಈಸ್ತೆ, ಈನೆ: ಇದೊಂದು ಮಾತ್ರ ಕಣ್ಣು ಮುಚ್ಚಿ ಬಾಯಿಪಾಠ ಮಾಡಿ. ಈಸ್, ಆರ್ ಎರಡಕ್ಕೂ 'ಈನೆ' ಒಂದೇ ಅನ್ನೋದು ಒಂದು ಸಮಾಧಾನ.

ಇನ್ನು ಆ ಅಮ್ಮನ ಇಂಗ್ಲಿಷ್. ಅವರು ಸುಮ್ನೆ ತಪ್ಪು ಮಾಡುತ್ತಿಲ್ಲ, ಗ್ರೀಕ್ ಅನ್ನು ಇಂಗ್ಲಿಷ್ ಪದದಲ್ಲಿ ಹೇಳುತ್ತಿದ್ದಾರೆ. ಮಳೆಗೆ ಗ್ರೀಕ್‌ನಲ್ಲಿ 'ವ್ರೇಖಿ' ಅನ್ನೋ ಒಂದೇ ಪದ ಸಾಕು (ನಿಮ್ಮ ಕಡೆ ವ್ರೇಶಿ ಇರಬೇಕು). ಮುಂದೆ ಏನೂ ಇಲ್ಲ. ಅದಕ್ಕೆ 'ಈಸ್ ರೈನಿಂಗ್'. ಅವರಿಗೆ ಒಂದೇ ಕಟ್ಟುನಿಟ್ಟು ಹೇಳಿ, ಇಂಗ್ಲಿಷ್ ವಾಕ್ಯ ಕ್ರಿಯಾಪದದಿಂದ ಶುರುವಾದರೆ ಅದು ಪ್ರಶ್ನೆ ಅಥವಾ ಆಜ್ಞೆ. ಹೇಳಿಕೆಗೆ ಮುಂದೆ ಯಾರಾದರೂ ಇರಲೇಬೇಕು, ಯಾರೂ ಸಿಗದಿದ್ದರೆ 'ಇಟ್' ತಂದು ಕೂರಿಸಿ.

'ಐ ಲಿವ್ ಹಿಯರ್ ಫಾರ್ಟಿ ಇಯರ್ಸ್' ಕೂಡ ಹಾಗೇ. 'ಮೇನೊ ಎದೋ ಸರಾಂದ ಖ್ರೋನ್ಯ', ನಾವೂ 'ನಲವತ್ತು ವರ್ಷದಿಂದ ಇಲ್ಲೇ ಇದ್ದೇನೆ' ಅಂತ ವರ್ತಮಾನದಲ್ಲೇ ಹೇಳುತ್ತೇವೆ. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ 'ಹ್ಯಾವ್ ಲಿವ್ಡ್' ಅಂತ ಬೇರೆ ರೂಪ ಹಾಕೋದು ಇಂಗ್ಲಿಷ್‌ನ ಹಟ. ನಿಮಗೂ ಅಮ್ಮನಿಗೂ ಇದು ಸಮಾನ ಕಷ್ಟ, ಒಟ್ಟಿಗೆ ಕಲಿಯಿರಿ.

'ಡೂ' ಹೇಳಿಕೊಡೋದು ಹೇಗೆ? ಇಲ್ಲ ಅನ್ನೋ ವಾಕ್ಯದಿಂದ ಶುರು ಮಾಡಿ, ಪ್ರಶ್ನೆಯಿಂದ ಬೇಡ. ಯಾಕಂದರೆ ಗ್ರೀಕ್‌ನಲ್ಲಿ ಅದಕ್ಕೆ ಜಾಗ ರೆಡಿ ಇದೆ. 'ದೆನ್ ಕ್ಸೇರೊ', 'ದೆನ್' ಇರುವ ಜಾಗದಲ್ಲಿ 'ಡೋಂಟ್' ಇಡಿ, ಮುಂದೆ 'ಐ' ಸೇರಿಸಿ: ಐ ಡೋಂಟ್ ನೋ. ಅವನು-ಅವಳು ಬಂದಾಗ ಕ್ರಿಯಾಪದದ ಸ್ ಎದ್ದು ಹೋಗಿ ಡೂ ಮೇಲೆ ಕೂರುತ್ತದೆ: ಶೀ ಡಝಂಟ್ ನೋ. 'ಶೀ ಡಝಂಟ್ ನೋಸ್' ಅಂದರೆ ಎರಡು ಕಡೆ ಸ್ ಆಯಿತು, ಒಂದು ವಾಕ್ಯಕ್ಕೆ ಒಂದೇ ಸ್. ನನ್ನ ಕ್ಲಾಸಿನಲ್ಲಿ ಇದನ್ನು ವರ್ಷಾನುಗಟ್ಟಲೆ ಕೆಂಪು ಶಾಯಿಯಲ್ಲಿ ತಿದ್ದುತ್ತಲೇ ಇದ್ದೇನೆ. ಇದು ಕೂತ ಮೇಲೆ ಪ್ರಶ್ನೆ ಸುಲಭ, ಅದೇ ಡೂ-ಡಝ್ ಎದ್ದು ಮುಂದೆ ಬರುತ್ತದೆ. ಆದರೆ ಆ್ಯಮ್-ಈಸ್-ಆರ್ ಇರುವಾಗ, 'ಕ್ಯಾನ್' ಇರುವಾಗ ಡೂ ಹತ್ತಿರ ಸುಳಿಯಬಾರದು. ಇಲ್ಲಿ ಒಂದು ತಿರುವು ಇದೆ. ಗ್ರೀಕ್‌ನ ಬೊರೋ ಎಲ್ಲರ ಹಾಗೆ ಬಾಲ ಬದಲಿಸುತ್ತದೆ, ಇಂಗ್ಲಿಷ್‌ನ ಕ್ಯಾನ್ ಬದಲಿಸುವುದಿಲ್ಲ. 'ಹೀ ಕ್ಯಾನ್ಸ್' ಅಂತ ಕೇಳಿಬಂದರೆ ನಗಬೇಡಿ, ಅದು 'ಬೊರೀ'ಯ ಪ್ರಭಾವ.

ಸ್ ಉಚ್ಚಾರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವರ್ಕ್ಸ್‌ನಲ್ಲಿ ಸ್, ರನ್ಝ್‌ನಲ್ಲಿ ಝ್, ವಾಚಿಝ್‌ನಲ್ಲಿ ಇಝ್. ಡೂ ಹೋಗಿ ಡಝ್, ಸೇ ಹೋಗಿ ಸೆಝ್ ಆಗೋದನ್ನು ಮಾತ್ರ ಬೇರೆಯಾಗಿ ಹೇಳಿಕೊಡಿ.

ಒಂದು ಮಾತು ನಿಮಗೆ. ಅವರಿಗೆ 'ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್', 'ಐ ಆ್ಯಮ್ ನಾಟ್ ನೋಯಿಂಗ್' ಅನ್ನೋ ನಮ್ಮೂರ ಇಂಗ್ಲಿಷ್ ದಾಟಿಸಬೇಡಿ. ನೋ, ವಾಂಟ್, ಲೈಕ್, ಒಡೆತನದ ಹ್ಯಾವ್, ಇವಕ್ಕೆ ಇಂಗ್ ಬೇಡ. ಲಂಡನ್ ಮೊಮ್ಮಕ್ಕಳು ಇದು ಎಲ್ಲಿಂದ ಬಂತು ಅಂತ ಹುಡುಕುತ್ತಾರೆ.

ತುಂಗಾತೀರ

ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. 'ಸ್-ಮೆ-ತೆ-ನ' ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಕಿಟ್ಟ ಅವರೇ, 'ಚೆ' ನಿಜ, ಮಾತಿಗೊಂದು 'ಚೆ' ಬರುತ್ತದೆ, ನಾನು ಬೇಜಾರಿಗೆ ಅನ್ನುತ್ತಿದ್ದಾರೆ ಅಂದುಕೊಂಡಿದ್ದೆ.

ಇನ್ನು ಎರಡು ಉಳಿದಿವೆ. ಹೋಗು, ಹೇಳು, ತಿನ್ನು ಇವು ಪುಸ್ತಕದಲ್ಲಿ ಬೇರೆ ಪುಟದಲ್ಲಿವೆ: ಪಾಒ, ಲೇಒ, ತ್ರೋಒ. ಲೇಒ, ಲೇಸ್, ಲೇಇ, ಲೇಮೆ... ಇದು ಯಾವ ಗುಂಪು? ಆಮೇಲೆ 'ಬರುತ್ತೇನೆ' ಅನ್ನೋದು 'ಏರ್ಖೊಮೆ' ಅಂತಿದೆ. ತುದಿಗೆ 'ಮೆ' ಬಂದರೆ ನಾವು ಅಂದಿರಿ, ಇಲ್ಲಿ ನಾನು! 'ಏರ್ಖೆತೆ' ಅಂದರೆ ಅವನು ಬರುತ್ತಾನೆ ಅಂತೆ, ತೆ ಇದ್ದರೆ ನೀವು ಅಂದಿರಲ್ಲ?

ಹಳೇ ಪುಟ

ಮೊದಲನೆಯದಕ್ಕೆ ನಾನು ಹೇಳುತ್ತೇನೆ ಸೋದರಿ. ನಾನು ಕಲಿತದ್ದು ಇವತ್ತಿನ ಗ್ರೀಕ್ ಅಲ್ಲ, ದೇವತಾಶಾಸ್ತ್ರ ಓದುವಾಗ ಹೊಸ ಒಡಂಬಡಿಕೆಯ ಗ್ರೀಕ್. ಆದರೆ ಈ ಪ್ರಶ್ನೆಗೆ ಹಳೆಯದೇ ಬೇಕು.

'ಹೇಳುತ್ತೇನೆ' ಅನ್ನೋದು ಹಳೆಯ ಗ್ರೀಕ್‌ನಲ್ಲಿ 'ಲೆಗೊ'. ಲೆಗೊ, ಲೆಗಿಸ್, ಲೆಗಿ ಅಂತ ನಿಮ್ಮ ಕಾನೊ ಥರಾನೇ ನಡೆಯುತ್ತಿತ್ತು. ಕಾಲಕ್ರಮದಲ್ಲಿ ನಡುವಿನ ಗ ಕರಗಿಹೋಯಿತು. ಎರಡು ಸ್ವರ ಮುಖಾಮುಖಿ ಆದವು, ಕೆಲವು ಕಡೆ ಒಂದು ಇನ್ನೊಂದನ್ನು ನುಂಗಿತು. ಲೆಗಿಸ್ ಹೋಗಿ ಲೇಸ್, ಹೀಗೆ. ತಿನ್ನು ಅನ್ನೋದೂ 'ತ್ರೋಗೊ' ಇದ್ದದ್ದು 'ತ್ರೋಒ' ಆಗಿದೆ. ಪಾಒ ಕೂಡ 'ಉಪಾಗೊ' ಸವೆದು ಬಂದದ್ದು. ಹಾಗಾಗಿ ಅದು ಬೇರೆ ಗುಂಪಲ್ಲ, ಮೊದಲ ಗುಂಪೇ, ಸವೆದಿದೆ ಅಷ್ಟೇ. ತ್ರೋಒ, ತ್ರೋಸ್, ತ್ರೋಇ, ತ್ರೋಮೆ, ತ್ರೋತೆ, ತ್ರೋನೆ. ಪಾಒ, ಪಾಸ್, ಪಾಇ, ಪಾಮೆ, ಪಾತೆ, ಪಾನೆ. ಇದರಲ್ಲಿ 'ಪಾಮೆ' ದಿನಾ ಕೇಳುತ್ತೀರಿ, ಹೋಗೋಣ ಅಂತಲೂ ಅದೇ.

ಕಿಟ್ಟ ಅವರು ಹೇಳಿದ 'ಉಸಿನ್' ಓದಿ ಖುಷಿಯಾಯಿತು. ನಮ್ಮ ಪಾಠದಲ್ಲಿ 'ಅವರು ಹೇಳುತ್ತಾರೆ' ಅನ್ನೋದಕ್ಕೆ 'ಲೆಗುಸಿನ್' ಅಂತಲೇ ಇತ್ತು. ಅಥೆನ್ಸ್ ಬಿಟ್ಟುಕೊಟ್ಟ ಬಾಲವನ್ನು ಸೈಪ್ರಸ್ ಇಟ್ಟುಕೊಂಡಿದೆ ನೋಡಿ.

ಒಂದು ಎಚ್ಚರಿಕೆ. ಹಳೆಯ ಗ್ರೀಕ್ ಪುಸ್ತಕ ಎಲ್ಲಾದರೂ ಕಡಿಮೆ ಬೆಲೆಗೆ ಸಿಕ್ಕಿತು ಅಂತ ಅದರಿಂದ ಕಲಿಯಲು ಹೋಗಬೇಡಿ. ಅದರಲ್ಲಿ 'ಮಾಡಲು', 'ಹೋಗಲು' ಅನ್ನೋ ಥರದ ರೂಪ ಇದೆ, ಈಗಿನ ಗ್ರೀಕ್‌ನಲ್ಲಿ ಅದು ಇಲ್ಲವೇ ಇಲ್ಲ. ಅಕ್ಷರದ ಮೇಲೆ ನಾನಾ ಥರದ ಗುರುತು ಇರುತ್ತವೆ, ಗ್ರೀಸ್‌ನಲ್ಲಿ 1982ರಲ್ಲಿ ಅವನ್ನೆಲ್ಲ ಕೈಬಿಟ್ಟು ಒಂದೇ ಒತ್ತಿನ ಗುರುತು ಉಳಿಸಿಕೊಂಡರು.

ಅರಳೀಕಟ್ಟೆ

ಹಳೇ ಪುಟ ಅವರು 'ಲು' ರೂಪ ಇಲ್ಲ ಅಂದದ್ದು ಬಹಳ ಮುಖ್ಯ, ಅದನ್ನು ಮೊದಲು ಮುಗಿಸುತ್ತೇನೆ. ಇಂಗ್ಲಿಷ್ ಪುಸ್ತಕದ ಪದಪಟ್ಟಿಯಲ್ಲಿ ಕಾನೊ ಎದುರು 'ಟು ಡೂ' ಅಂತ ಬರೆದಿರುತ್ತಾರೆ. ಅದು ಸುಳ್ಳು. ಕಾನೊ ಅಂದರೆ 'ನಾನು ಮಾಡುತ್ತೇನೆ'. ಗ್ರೀಕ್ ನಿಘಂಟಿನಲ್ಲಿ ಕ್ರಿಯಾಪದವನ್ನು 'ನಾನು' ರೂಪದಲ್ಲೇ ಕೊಡುವುದು, ನಮ್ಮಲ್ಲಿ 'ಮಾಡು' ಅಂತ ಧಾತು ಕೊಡುವ ಹಾಗೆ. 'ಹೋಗಲು ಬಯಸುತ್ತೇನೆ' ಅನ್ನೋಕೆ ಅವರು ಎರಡು ಬಾಲ ಹಾಕುತ್ತಾರೆ. 'ಥೇಲೊ ನ ಪಾಒ', 'ಥೇಲಿಸ್ ನ ಪಾಸ್', 'ಥೇಲುಮೆ ನ ಪಾಮೆ'. 'ನಾನು ಹೋಗಬೇಕು'ವಿನಲ್ಲಿ ನಮಗೆ ಯಾವ ಬಾಲವೂ ಬದಲಾಗಲ್ಲ, ಅವರಿಗೆ 'ಪ್ರೇಪಿ ನ ಪಾಒ', 'ಪ್ರೇಪಿ ನ ಪಾಸ್'. ಪ್ರೇಪಿ ಗೂಟದ ಹಾಗೆ ನಿಂತಿರುತ್ತದೆ, ಬಾಲ ಮುಂದಿನದಕ್ಕೆ. 'ನ' ಆದ ಮೇಲೆ ಕೆಲವು ಕ್ರಿಯಾಪದಗಳ ನಡುವೆ ಬದಲಾಗುತ್ತದೆ, ಗ್ರಾಫೊ ಅಂದರೆ ಬರೆಯುತ್ತೇನೆ, 'ಥೇಲೊ ನ ಗ್ರಾಪ್ಸೊ' ಅಂದರೆ ಬರೆಯಬೇಕು ಅಂತಿದ್ದೇನೆ. ಅದು ಮುಂದಿನ ಪಾಠ. ಆದರೆ ಬಾಲ ಅವೇ: ಗ್ರಾಪ್ಸೊ, ಗ್ರಾಪ್ಸಿಸ್, ಗ್ರಾಪ್ಸಿ. ಈಗ ಕಲಿತದ್ದು ಮುಂದೆ ದಂಡ ಆಗಲ್ಲ.

ಈಗ ಏರ್ಖೊಮೆ. ನಾಲ್ಕನೆಯ ಗುಂಪು ಆಮೇಲೆ ಅಂದಿದ್ದೆನಲ್ಲ, ಅದು ಇದೇ. ಇದಕ್ಕೆ ಬೇರೆ ಬಾಲ: ಏರ್ಖೊಮೆ, ಏರ್ಖೆಸೆ, ಏರ್ಖೆತೆ, ಎರ್ಖೋಮಸ್ತೆ, ಏರ್ಖೆಸ್ತೆ, ಏರ್ಖೊಂದೆ. ಕೆಂಪುಶಾಯಿ ಮೇಡಂ ಬಾಯಿಪಾಠ ಮಾಡಿ ಅಂದ ಈಮೆ, ಈಸೆ ಇದೆಯಲ್ಲ, ಅದರ ಪಕ್ಕ ಇಟ್ಟು ಓದಿ. ಮೆ, ಸೆ, ಮಸ್ತೆ, ಸ್ತೆ. ಹೆಚ್ಚು ಕಡಿಮೆ ಅದೇ ಕುಟುಂಬ. ನಿದ್ದೆ ಮಾಡು ಅನ್ನೋ ಕಿಮಾಮೆ ಕೂಡ ಈ ಕಡೆಯದೇ. ಎರ್ಖೋಮಸ್ತೆಯಲ್ಲಿ ಒತ್ತು ಬಾಲದ ಕಡೆ ಸರಿದಿದೆ ನೋಡಿ, ಕೊನೆಯಿಂದ ಮೂರನೆಯ ಅಕ್ಷರಕ್ಕಿಂತ ಮುಂಚೆ ಒತ್ತು ಹೋಗುವ ಹಾಗಿಲ್ಲ ಅನ್ನೋದು ಗ್ರೀಕ್‌ನ ನಿಯಮ. ಪದ ಉದ್ದ ಆದಾಗ ಒತ್ತು ಬಾಲದ ಕಡೆ ಜಾರುತ್ತದೆ.

ಹಾಗಾದರೆ 'ತೆ' ಗೊಂದಲ? ಅದು ಕನ್ನಡ ಲಿಪಿಯಲ್ಲಿ ಬರೆದದ್ದರಿಂದ ಬಂದ ತಾಪತ್ರಯ. 'ನೀವು ಮಾಡುತ್ತೀರಿ', ಕಾನೆತೆಯ ಕೊನೆಯ ಎ ಬರೆಯುವುದು ಎಪ್ಸಿಲನ್‌ನಲ್ಲಿ. 'ಅವನು ಬರುತ್ತಾನೆ', ಏರ್ಖೆತೆಯ ಕೊನೆಯ ಎ ಬರೆಯುವುದು ಆಲ್ಫಾ-ಯೋಟಾ ಎರಡು ಅಕ್ಷರ ಸೇರಿಸಿ. ಸದ್ದು ಒಂದೇ, ಕಾಗದದ ಮೇಲೆ ಬೇರೆ. ಗ್ರೀಕರೇ ಇದನ್ನು ಅದಲು ಬದಲು ಬರೆಯುತ್ತಾರೆ, ಅಲ್ಲಿನ ಮೇಷ್ಟ್ರುಗಳಿಗೆ ಇದೊಂದು ಶಾಶ್ವತ ಕಿರಿಕಿರಿ. ಮಾತಿನಲ್ಲಿ ಗುರುತಿಸೋಕೆ 'ನಾನು' ರೂಪ ನೆನಪಿಸಿಕೊಳ್ಳಿ. ನಾನು ರೂಪ ಒ ಸದ್ದಿನಲ್ಲಿ ನಿಂತರೆ ತೆ ಅಂದರೆ ನೀವು, 'ಮೆ'ಯಲ್ಲಿ ನಿಂತರೆ ತೆ ಅಂದರೆ ಅವನು-ಅವಳು.

ಅದಕ್ಕೇ ಫ್ರಿಜ್ ಮೇಲಿನ ಚೀಟಿಯನ್ನು ಗ್ರೀಕ್ ಅಕ್ಷರದಲ್ಲೇ ಬರೆಯಿರಿ, ಅಮ್ಮನ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು. ಪ್ರಶ್ನೆ ವಾಕ್ಯ ಬರೆಸಿದಾಗ ಕೊನೆಗೆ ಅವರು ಅರ್ಧವಿರಾಮ ಹಾಕಿದರೆ ತಿದ್ದಬೇಡಿ, ಗ್ರೀಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಅದೇ.